ಸಿಗರೇಟು ಬಿಟ್ಟು ಹದಿನಾಲ್ಕು ತಿಂಗಳು: ನಿಕೋಟಿನ್ ಪ್ಯಾಚ್ ಮತ್ತು ಗಮ್ ಬಗ್ಗೆ ನನ್ನ ಅನುಭವ

ಸಿಗರೇಟು ಬಿಟ್ಟು ಹದಿನಾಲ್ಕು ತಿಂಗಳಾಯಿತು. ಬಿಡಲು ನೆರವಾದದ್ದು ಎರಡು ವಸ್ತು. ತೋಳಿಗೆ ಅಂಟಿಸುವ 21 ಮಿಲಿಗ್ರಾಂ ನಿಕೋಟಿನ್ ಪ್ಯಾಚ್, ಬಾಯಲ್ಲಿ ಇಟ್ಟುಕೊಳ್ಳುವ 4 ಮಿಲಿಗ್ರಾಂ ನಿಕೋಟಿನ್ ಗಮ್. ಸಿಗರೇಟಿಗೆ ನಮ್ಮನ್ನು ಕಟ್ಟಿಹಾಕುವುದು ನಿಕೋಟಿನ್. ಇವು ಅದನ್ನೇ ಹೊಗೆಯಿಲ್ಲದೆ ಕೊಟ್ಟು ಚಡಪಡಿಕೆ ತಗ್ಗಿಸುತ್ತವೆ. ಇವನ್ನು ಹೊಗಳುವವರು ಇದ್ದಾರೆ. "ಅದೆಲ್ಲ ಸುಮ್ನೆ, ನಂಗೇನೂ ಆಗ್ಲಿಲ್ಲ" ಅನ್ನುವವರೂ ಬೇಕಾದಷ್ಟು ಸಿಗುತ್ತಾರೆ. ಮೂರು ವರ್ಷ ನಾನೂ ಹಾಗೇ ಅಂದುಕೊಂಡು ಓಡಾಡಿದೆ. ಆಗ ಯಾಕೆ ಆಗಲಿಲ್ಲ, ಆಮೇಲೆ ಯಾಕೆ ಆಯಿತು ಅನ್ನುವುದನ್ನು ಬರೆದಿಡಬೇಕು ಅನಿಸಿತು.

ನಾನು ಮುದ್ರಣಾಲಯದಲ್ಲಿ ಕೆಲಸ ಮಾಡುವವನು. ರಾತ್ರಿ ಪಾಳಿ, ಆಫ್‌ಸೆಟ್ ಮೆಷೀನು. ಸಿಗರೇಟು ಶುರುವಾದಾಗ ಇಪ್ಪತ್ತು ವರ್ಷ, ಬಿಟ್ಟಾಗ ನಲವತ್ತನಾಲ್ಕು. ಕೊನೆಕೊನೆಗೆ ದಿನಕ್ಕೆ ಇಪ್ಪತ್ತೆರಡು. ನಮ್ಮಲ್ಲಿ ಒಳಗೆ ಬೆಂಕಿಕಡ್ಡಿ ಗೀರುವಂತಿಲ್ಲ. ಸುತ್ತ ಕಾಗದದ ರೀಲು, ಇಂಕು, ರೋಲರ್ ತೊಳೆಯುವ ಸಾಲ್ವೆಂಟು. ಹಾಗಾಗಿ ಪ್ಲೇಟು ಬದಲಾಯಿಸುವ ಹೊತ್ತಿಗೆ ಹಿಂಬಾಗಿಲಿನಿಂದ ಆಚೆ ಹೋಗಿ ಗೋಡೆಗೆ ಒರಗಿ ಸೇದಿ ಬರುವುದು. ಆ ಗೋಡೆಯಲ್ಲಿ ನಾನು ಒರಗುವ ಜಾಗದಲ್ಲಿ ಸುಣ್ಣ ಸವೆದುಹೋಗಿತ್ತು.

ಮೊದಲ ಸಲ ಗಮ್ ಕೊಂಡದ್ದು ಮಗಳ ಮಾತಿಗೆ. ಔಷಧಿ ಅಂಗಡಿಯಲ್ಲಿ ಕೇಳಿದೆ, ಕೊಟ್ಟರು. 2 ಮಿಲಿಗ್ರಾಂನದು. ದಿನಕ್ಕೆ ಎಷ್ಟು ಸೇದ್ತೀರಿ, ಎದ್ದ ಮೇಲೆ ಎಷ್ಟು ಹೊತ್ತಿಗೆ ಮೊದಲನೇದು ಅಂತ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಪಾಳಿ ಶುರುವಾಗುತ್ತಲೇ ಒಂದನ್ನು ಬಾಯಿಗೆ ಹಾಕಿ ಮಾಮೂಲಿ ಚೂಯಿಂಗ್ ಗಮ್ ಅಗಿದ ಹಾಗೆ ಅಗಿದೆ. ಒಂದು ನಿಮಿಷಕ್ಕೆ ಗಂಟಲಲ್ಲಿ ಮೆಣಸು ಅರೆದ ಹಾಗೆ ಉರಿ. ಮೂರು ನಿಮಿಷಕ್ಕೆ ಬಿಕ್ಕಳಿಕೆ. ಮೆಷೀನಿನ ಸದ್ದಿನ ನಡುವೆ ಅರ್ಧ ಗಂಟೆ ಬಿಕ್ಕಿದೆ. ಆಮೇಲೆ ಎದೆಯುರಿ. ಇಷ್ಟೆಲ್ಲ ಆದ ಮೇಲೂ ಸೇದಬೇಕೆನ್ನುವ ಚಡಪಡಿಕೆ ಹಾಗೇ ಇತ್ತು. ನಾಲ್ಕನೇ ದಿನ ಗಮ್ ಡಬ್ಬಿಯನ್ನು ಡ್ರಾಯರಿಗೆ ಹಾಕಿ ಹಿಂಬಾಗಿಲಿಗೆ ಹೋದೆ. ಮಗಳು ಆ ಡಬ್ಬಿಯನ್ನು ನೋಡಿದಳು, ಏನೂ ಕೇಳಲಿಲ್ಲ. ಅವಳು ಕೇಳಿದ್ದರೇ ವಾಸಿಯಿತ್ತು.

ತಪ್ಪು ಗಮ್‌ನದ್ದಲ್ಲ ಅಂತ ತಿಳಿಯಲು ಮೂರು ವರ್ಷ ಬೇಕಾಯಿತು. ಇದು ಅಗಿಯುವ ವಸ್ತುವೇ ಅಲ್ಲ. ನಿಕೋಟಿನ್ ಕೆನ್ನೆಯ ಒಳಪದರದಿಂದ ರಕ್ತಕ್ಕೆ ಹೋಗಬೇಕು. ಜೊಲ್ಲಿನ ಜೊತೆ ನುಂಗಿದರೆ ಅದು ಹೊಟ್ಟೆಗೆ, ಅಲ್ಲಿಂದ ಯಕೃತ್ತಿಗೆ ಹೋಗುತ್ತದೆ. ಅಲ್ಲಿ ಬಹುಪಾಲು ಕರಗಿಹೋಗುತ್ತದೆ. ತಲೆಗೆ ತಲುಪುವುದು ಸ್ವಲ್ಪವೇ, ಹೊಟ್ಟೆಗೆ ಮಾತ್ರ ಉರಿ ಪೂರ್ತಿ. ಸರಿಯಾದ ಕ್ರಮ ಹೀಗೆ: ನಿಧಾನವಾಗಿ ಒಂದೊಂದೇ ಸಲ ಕಚ್ಚಬೇಕು. ನಾಲಿಗೆಗೆ ಖಾರ ತಾಗಿ ಜುಮ್ ಅಂದ ಕೂಡಲೇ ನಿಲ್ಲಿಸಬೇಕು. ಗಮ್ಮನ್ನು ಕೆನ್ನೆಗೂ ವಸಡಿಗೂ ನಡುವೆ ಸಿಕ್ಕಿಸಿ ಸುಮ್ಮನಿರಬೇಕು. ಜುಮ್ ಕಡಿಮೆಯಾದ ಮೇಲೆ ಮತ್ತೆ ಎರಡು ಸಲ ಕಚ್ಚಿ, ಈ ಸಲ ಇನ್ನೊಂದು ಕೆನ್ನೆಗೆ. ಹೀಗೆ ಅರ್ಧ ಗಂಟೆ.

ಇನ್ನೊಂದು ವಿಷಯ ಕಾಫಿ. ಗಮ್ ಹಾಕುವ ಹದಿನೈದು ನಿಮಿಷ ಮೊದಲಿನಿಂದ ಮುಗಿಯುವವರೆಗೆ ಕಾಫಿ, ಹಣ್ಣಿನ ರಸ, ಸೋಡಾ ಯಾವುದೂ ಬೇಡ. ಬಾಯಿ ಹುಳಿಯಾದರೆ ನಿಕೋಟಿನ್ ಕೆನ್ನೆಯ ಪದರ ದಾಟುವುದಿಲ್ಲ. ಬಾಯಲ್ಲಿ ಕ್ಷಾರ ಇರಲಿ ಅಂತಲೇ ಗಮ್ಮಿನಲ್ಲಿ ಅಡುಗೆ ಸೋಡಾದಂಥ ಉಪ್ಪು ಸೇರಿಸಿರುತ್ತಾರೆ. ನಾನು ಮೊದಲ ಸಲ ಒಂದು ಕೈಯಲ್ಲಿ ಕಾಫಿ ಲೋಟ ಹಿಡಿದೇ ಗಮ್ ಅಗಿದಿದ್ದೆ. ಎರಡೂ ದಂಡ.

ಈ ಗಮ್ ಹುಟ್ಟಿದ ಕಥೆ ಓದಿದಾಗ ನನಗೆ ತುಂಬ ಹತ್ತಿರದ್ದು ಅನಿಸಿತು. 1960ರ ದಶಕದ ಕೊನೆಯ ಮಾತು, ಸ್ವೀಡನ್ನಿನದು. ಜಲಾಂತರ್ಗಾಮಿಯಲ್ಲಿ ಕೆಲಸ ಮಾಡುವವರು ನೀರಿನೊಳಗೆ ಇರುವಾಗ ಸಿಗರೇಟು ಹಚ್ಚುವಂತಿಲ್ಲ. ಹೊಗೆಯ ಬದಲು ಬಾಯಲ್ಲಿಡುವ ತಂಬಾಕಿಗೆ ತಿರುಗಿದರೆ ಅವರು ಆರಾಮಾಗಿ ಇರುತ್ತಾರೆ ಅನ್ನುವುದನ್ನು ಕ್ಲೇಸ್ ಲುಂಡ್‌ಗ್ರೆನ್ ಅನ್ನುವ ಸಂಶೋಧಕರು ಗಮನಿಸಿದರು. ಔಷಧ ಕಂಪನಿಯಲ್ಲಿದ್ದ ತಮ್ಮ ಸ್ನೇಹಿತ ಓವೆ ಫೆರ್ನೋ ಅವರಿಗೆ ಪತ್ರ ಬರೆದರು. ಹಾಗಾದರೆ ಜನ ಹುಡುಕುತ್ತಿರುವುದು ಹೊಗೆಯನ್ನಲ್ಲ, ನಿಕೋಟಿನ್ನನ್ನು ಅಂತ ಫೆರ್ನೋ ಅಲ್ಲಿಂದ ಹಿಡಿದುಕೊಂಡರು. ಅವರೂ ಸಿಗರೇಟು ಸೇದುವವರೇ. ಗಮ್ 1978ರಲ್ಲಿ ಮೊದಲು ಸ್ವಿಟ್ಜರ್ಲೆಂಡಿನಲ್ಲಿ ಔಷಧವಾಗಿ ಮಾರಾಟಕ್ಕೆ ಬಂತು, 1984ರಲ್ಲಿ ಅಮೆರಿಕದಲ್ಲಿ. ಬೆಂಕಿ ಹಚ್ಚುವಂತಿಲ್ಲದ ಕಡೆ ರಾತ್ರಿಯಿಡೀ ದುಡಿಯುವ ನನ್ನಂಥವರಿಗಾಗಿಯೇ ಇದು ಹುಟ್ಟಿದೆ ಅಂತ ಓದಿ ಸಮಾಧಾನವಾಯಿತು.

ಎರಡನೇ ಸಲ ನೇರ ಡಾಕ್ಟರ ಹತ್ತಿರ ಹೋದೆ. ಅವರು ಔಷಧಿ ಚೀಟಿ ತೆಗೆಯುವ ಮೊದಲು ಆರು ಪ್ರಶ್ನೆ ಕೇಳಿದರು. ಇದಕ್ಕೆ ಫಾಗರ್‌ಸ್ಟ್ರೋಮ್ ಪರೀಕ್ಷೆ ಅಂತ ಹೆಸರು. ಕಾರ್ಲ್ ಫಾಗರ್‌ಸ್ಟ್ರೋಮ್ ಸ್ವೀಡನ್ನಿನವರೇ. 1978ರಲ್ಲಿ ಮೊದಲು ಮಾಡಿದ್ದು, 1991ರಲ್ಲಿ ತಿದ್ದಿ ಈಗಿನ ರೂಪಕ್ಕೆ ಬಂತು. ಎದ್ದು ಎಷ್ಟು ನಿಮಿಷಕ್ಕೆ ಮೊದಲನೇ ಸಿಗರೇಟು? ಸೇದಬಾರದ ಕಡೆ ತಡೆದುಕೊಳ್ಳುವುದು ಕಷ್ಟವೇ? ಯಾವ ಸಿಗರೇಟನ್ನು ಬಿಡುವುದು ಎಲ್ಲಕ್ಕಿಂತ ಕಷ್ಟ? ದಿನಕ್ಕೆ ಎಷ್ಟು? ಎದ್ದ ಮೊದಲ ಗಂಟೆಗಳಲ್ಲಿ ಜಾಸ್ತಿ ಸೇದುತ್ತೀರಾ? ಜ್ವರ ಬಂದು ಮಲಗಿದಾಗಲೂ ಸೇದುತ್ತೀರಾ? ಒಟ್ಟು ಹತ್ತು ಅಂಕ, ಜಾಸ್ತಿ ಬಂದಷ್ಟೂ ನಿಕೋಟಿನ್ನಿನ ಹಿಡಿತ ಬಿಗಿ.

ನನಗೆ ಎಂಟು ಬಂತು. ನಾನು ಏಳುವುದು ಬೆಳಿಗ್ಗೆ ಹನ್ನೊಂದಕ್ಕೆ. ಕಣ್ಣು ಬಿಟ್ಟು ಐದು ನಿಮಿಷದೊಳಗೆ ಸಿಗರೇಟು ಬೇಕು, ಅದಕ್ಕೇ ಮೂರು ಅಂಕ. ಜ್ವರದ ಪ್ರಶ್ನೆ ಬಂದಾಗ ನನ್ನ ಹೆಂಡತಿ ನನ್ನ ಕಡೆ ನೋಡಿದಳು. ಹಿಂದಿನ ವರ್ಷ ನ್ಯುಮೋನಿಯಾ ಆಗಿ ಮಲಗಿದ್ದಾಗ ಕಿಟಕಿ ತೆರೆದು ಸೇದಿದ್ದು ಅವಳಿಗೆ ನೆನಪಿತ್ತು. "ಹೌದು, ಡಾಕ್ಟ್ರೇ" ಅಂದೆ.

"ಎಂಟು ಇರೋರಿಗೆ ಎರಡು ಮಿಲಿಗ್ರಾಂ ಗಮ್ ಒಂದೇ ಕೊಟ್ರೆ ಸಾಕಾಗಲ್ಲ" ಅಂದರು ಡಾಕ್ಟರು. "ನಿಮ್ಮ ಮೈ ಕೇಳ್ತಾ ಇರೋದ್ರಲ್ಲಿ ಅದು ಕಾಲು ಭಾಗವೂ ಅಲ್ಲ." ಎದ್ದು ಅರ್ಧ ಗಂಟೆಯೊಳಗೆ ಮೊದಲನೇದು ಹಚ್ಚುವವರಿಗೆ 4 ಮಿಲಿಗ್ರಾಂನದು, ಜೊತೆಗೆ ಪ್ಯಾಚ್. ಪ್ಯಾಚ್ ಇಡೀ ದಿನ ಒಂದೇ ಸಮ ನಿಕೋಟಿನ್ ಕೊಡುತ್ತಿರುತ್ತದೆ, ಅದು ತಳ. ನಡುನಡುವೆ ಚಡಪಡಿಕೆ ಏರಿದಾಗ ಗಮ್. ಒಂದನ್ನೇ ಬಳಸುವುದಕ್ಕಿಂತ ಎರಡನ್ನೂ ಸೇರಿಸಿ ಬಳಸಿದರೆ ಬಿಡುವವರ ಸಂಖ್ಯೆ ಜಾಸ್ತಿ ಅಂತ ಹತ್ತಾರು ಪ್ರಯೋಗಗಳಲ್ಲಿ ಕಂಡಿದೆ. ನನ್ನ ವಿಷಯದಲ್ಲಿ ಎಲ್ಲವೂ ತಿರುಗಿದ್ದು ಈ ಒಂದು ಬದಲಾವಣೆಯಿಂದ.

ಇಲ್ಲಿ ನನ್ನ ಅಣ್ಣನ ವಿಷಯ ಹೇಳಬೇಕು. ಅಣ್ಣನೂ ದಿನಕ್ಕೆ ಹದಿನೈದು ಸೇದುತ್ತಿದ್ದ. ಒಂದು ಭಾನುವಾರ ಪ್ಯಾಕನ್ನು ಕಸದ ಬುಟ್ಟಿಗೆ ಹಾಕಿದ, ಅಲ್ಲಿಗೆ ಮುಗಿಯಿತು. ಒಂದು ವಾರ ಸಿಡುಕಿದ, ಅಷ್ಟೇ. ಹಾಗಾಗಿ ನಮ್ಮ ಮನೆಯಲ್ಲಿ ಎಲ್ಲರೂ ನನಗೆ ಹೇಳುತ್ತಿದ್ದದ್ದು ಒಂದೇ ಮಾತು: "ಅವನಿಗೆ ಆಗಿದ್ದು ನಿನಗ್ಯಾಕೆ ಆಗಲ್ಲ? ಮನಸ್ಸು ಗಟ್ಟಿ ಇರ್ಬೇಕು." ಈ ಮಾತನ್ನು ನಾನು ವರ್ಷಗಟ್ಟಲೆ ನಂಬಿದ್ದೆ. ಸಿಗರೇಟಿಗಿಂತ ಆ ನಂಬಿಕೆಯೇ ನನ್ನನ್ನು ಜಾಸ್ತಿ ಕುಗ್ಗಿಸಿತ್ತು.

ಅದೇ ಆರು ಪ್ರಶ್ನೆಯನ್ನು ಅಣ್ಣನಿಗೆ ಹಿಂದಿನದನ್ನು ನೆನಪಿಸಿಕೊಂಡು ಉತ್ತರಿಸು ಅಂದೆ. ಅವನಿಗೆ ಬಂದದ್ದು ಎರಡು. ಅವನ ಮೊದಲನೇ ಸಿಗರೇಟು ಆಫೀಸಿನಲ್ಲಿ ಹನ್ನೊಂದಕ್ಕೆ. ಏಳುತ್ತಿದ್ದದ್ದು ಆರಕ್ಕೆ. ಐದು ಗಂಟೆ ಸಿಗರೇಟಿನ ನೆನಪೇ ಇಲ್ಲದೆ ಇರುತ್ತಿದ್ದವನು ಅವನು. ನಾನು ಐದು ನಿಮಿಷದವನು. ಒಂದೇ ಮನೆ, ಒಂದೇ ತಾಯಿಯ ಮಕ್ಕಳು, ಸೇದಿದ್ದು ಒಂದೇ ಸಿಗರೇಟು. ಹಿಡಿತ ಮಾತ್ರ ಬೇರೆ ಬೇರೆ.

ಇದಕ್ಕೆ ಮೈಯೊಳಗಿನ ಕಾರಣವೂ ಇದೆ. ಸೇದಿದ ಹತ್ತಿಪ್ಪತ್ತು ಸೆಕೆಂಡಿನಲ್ಲಿ ನಿಕೋಟಿನ್ ಮಿದುಳಿಗೆ ತಲುಪುತ್ತದೆ. ಆಮೇಲೆ ಸುಮಾರು ಎರಡು ಗಂಟೆಗೊಮ್ಮೆ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ರಾತ್ರಿ ಮಲಗಿ ಏಳುವಷ್ಟರಲ್ಲಿ ಬಹುತೇಕ ಖಾಲಿ. ಎದ್ದ ಕೂಡಲೇ ಕೈ ಪ್ಯಾಕಿಗೆ ಹೋಗುವುದು ಅದಕ್ಕೇ. ಆದರೆ ಎಲ್ಲರಲ್ಲೂ ಒಂದೇ ವೇಗದಲ್ಲಿ ಇಳಿಯುವುದಿಲ್ಲ. ನಿಕೋಟಿನ್ ಕರಗಿಸುವ ಕಿಣ್ವ ಯಕೃತ್ತಿನಲ್ಲಿದೆ, ಸಿವೈಪಿ2ಎ6 ಅಂತ ಅದರ ಹೆಸರು. ಹುಟ್ಟಿನಿಂದಲೇ ಕೆಲವರಲ್ಲಿ ಅದು ಚುರುಕು, ಕೆಲವರಲ್ಲಿ ನಿಧಾನ. ನಿಧಾನ ಇರುವವರು ಕಡಿಮೆ ಸೇದುತ್ತಾರೆ, ಅವರಿಗೆ ಬಿಡುವುದೂ ಸುಲಭ. ಗಂಡಸರಿಗಿಂತ ಹೆಂಗಸರಲ್ಲಿ ಸರಾಸರಿ ಚುರುಕು, ಬಸುರಿಯಾದಾಗ ಇನ್ನೂ ಚುರುಕು. ನನ್ನದು ಯಾವ ಬಗೆ ಅಂತ ಪರೀಕ್ಷೆ ಮಾಡಿಸಿಲ್ಲ. ಆದರೆ ಇಂಥದ್ದೊಂದು ಇದೆ ಅಂತ ತಿಳಿದದ್ದೇ ನನಗೆ ದೊಡ್ಡದಾಯಿತು.

ಒಂದೊಂದು ಜನಸಮುದಾಯದಲ್ಲೂ ಇದು ಬೇರೆ ಬೇರೆ. ಅಮೆರಿಕದಲ್ಲಿ ಆಫ್ರಿಕನ್ ಮೂಲದವರು ಬಿಳಿಯರಿಗಿಂತ ದಿನಕ್ಕೆ ಕಡಿಮೆ ಸಿಗರೇಟು ಸೇದುತ್ತಾರೆ, ಆದರೆ ಒಂದೊಂದು ಸಿಗರೇಟಿನಿಂದ ಒಳಗೆ ಎಳೆದುಕೊಳ್ಳುವ ನಿಕೋಟಿನ್ ಜಾಸ್ತಿ. ಬರೀ ಎಣಿಕೆ ನೋಡಿ "ನೀವು ಸೇದೋದೇ ಹತ್ತು, ಬಿಡೋದು ಸುಲಭ" ಅಂದರೆ ಅವರಿಗೆ ಅನ್ಯಾಯ. ದಿನಕ್ಕೆಷ್ಟು ಅನ್ನುವುದಕ್ಕಿಂತ ಎದ್ದು ಎಷ್ಟು ನಿಮಿಷಕ್ಕೆ ಅನ್ನುವುದೇ ಹಿಡಿತದ ಒಳ್ಳೆಯ ಅಳತೆ.

ಜಪಾನಿನ ವಿಷಯ ನನ್ನನ್ನು ತುಂಬ ಯೋಚನೆಗೆ ಹಚ್ಚಿತು. ಆ ಕಿಣ್ವ ನಿಧಾನವಾಗಿರುವವರು ಯೂರೋಪಿನವರಿಗಿಂತ ಜಪಾನಿನವರಲ್ಲಿ ಜಾಸ್ತಿ. ಹಾಗಾದರೆ ಅಲ್ಲಿ ಸೇದುವವರು ಕಡಿಮೆ ಇರಬೇಕಿತ್ತು ಅಲ್ವಾ? ಆದರೆ 1960ರ ದಶಕದ ನಡುವಿನಲ್ಲಿ ಅಲ್ಲಿನ ಗಂಡಸರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಸೇದುತ್ತಿದ್ದರು. ಈಗ ನಾಲ್ಕರಲ್ಲಿ ಒಬ್ಬ. ಅರವತ್ತು ವರ್ಷದಲ್ಲಿ ಒಂದು ದೇಶದ ಜನರ ಯಕೃತ್ತು ಬದಲಾಗುವುದಿಲ್ಲ. ಬದಲಾದದ್ದು ಸುತ್ತಲಿನದು. ಬ್ರಿಟನ್ನಿನಲ್ಲಿ 1974ರಲ್ಲಿ ದೊಡ್ಡವರಲ್ಲಿ ನೂರಕ್ಕೆ 45ಕ್ಕೂ ಹೆಚ್ಚು ಮಂದಿ ಸೇದುತ್ತಿದ್ದರು, 2023ರಲ್ಲಿ ಸುಮಾರು 12. ಅಮೆರಿಕದಲ್ಲಿ 1965ರಲ್ಲಿ 42, 2021ರಲ್ಲಿ 11.5. ಆಗಿನವರ ಮನಸ್ಸು ಮೆತ್ತಗಿತ್ತು, ಈಗಿನವರದ್ದು ಗಟ್ಟಿ ಅಂತ ಯಾರಾದರೂ ಹೇಳಲು ಸಾಧ್ಯವೇ? ತೆರಿಗೆ ಏರಿತು, ಜಾಹೀರಾತು ನಿಂತಿತು, ಕಚೇರಿ, ಬಸ್ಸು, ಆಸ್ಪತ್ರೆಗಳಲ್ಲಿ ಹೊಗೆ ನಿಂತಿತು, ಬಿಡುವವರಿಗೆ ಔಷಧಿ ಸಿಕ್ಕಿತು.

ಚೀನಾದ ಲೆಕ್ಕ ಇನ್ನೂ ಸ್ಪಷ್ಟ. 2018ರಲ್ಲಿ ಅಲ್ಲಿನ ಗಂಡಸರಲ್ಲಿ ನೂರಕ್ಕೆ 50.5, ಹೆಂಗಸರಲ್ಲಿ 2.1. ಒಂದೇ ಮನೆಯ ಅಣ್ಣ ತಂಗಿಯರ ನಡುವೆ ಇಷ್ಟು ಅಂತರ ರಕ್ತದಿಂದ ಬರುವುದಿಲ್ಲ. ಇಂಡೊನೇಷ್ಯಾದಲ್ಲೂ ಹಾಗೇ, ಗಂಡಸರಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಇಬ್ಬರು. ಸ್ವೀಡನ್ನಿನಲ್ಲಿ ದಿನವೂ ಸೇದುವವರು ನೂರಕ್ಕೆ ಐದಾರು ಮಂದಿ ಮಾತ್ರ, ಆದರೆ ತುಟಿಯಡಿ ಇಡುವ ಸ್ನೂಸ್ ಅನ್ನುವ ತಂಬಾಕು ಬಳಸುವವರು ತುಂಬ. ಅಂದರೆ ಹೊಗೆ ಹೋಗಿದೆ, ನಿಕೋಟಿನ್ ಹೋಗಿಲ್ಲ. ಭಾರತದಲ್ಲೂ ಹೊಗೆಯ ಲೆಕ್ಕ ಮಾತ್ರ ನೋಡಿದರೆ ಮೋಸ ಹೋಗುತ್ತೇವೆ. 2016-17ರ ಸಮೀಕ್ಷೆಯಲ್ಲಿ ಸೇದುವವರು ನೂರಕ್ಕೆ 10.7, ಬಾಯಲ್ಲಿಡುವ ತಂಬಾಕಿನವರು 21.4. ಇಡೀ ಜಗತ್ತಿನಲ್ಲಿ 2000ದಲ್ಲಿ ಮೂರರಲ್ಲಿ ಒಬ್ಬರು ತಂಬಾಕು ಬಳಸುತ್ತಿದ್ದರೆ 2022ರಲ್ಲಿ ಐದರಲ್ಲಿ ಒಬ್ಬರು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದರೂ ಅದು 125 ಕೋಟಿ ಜನ.

ಈ ಅಂಕಿಗಳನ್ನು ಓದುತ್ತಾ ನನಗೆ ಹೊಳೆದದ್ದು ಇಷ್ಟು. ಶುರುವಾಗುವುದು ಸುತ್ತಲಿನವರಿಂದ, ಬಿಡಲಾಗದೆ ಉಳಿಯುವುದು ಮೈಯಿಂದ. ಎರಡೂ ನನ್ನ ಮನಸ್ಸಿನ ಗಟ್ಟಿತನದ ಪರೀಕ್ಷೆ ಅಲ್ಲ. ಹೀಗೆ ಅನಿಸಿದ ಮೇಲೆ ತೋಳಿಗೆ ಪ್ಯಾಚ್ ಅಂಟಿಸಿಕೊಳ್ಳಲು ನಾಚಿಕೆ ಉಳಿಯಲಿಲ್ಲ. ಕನ್ನಡಕ ಹಾಕಿಕೊಳ್ಳಲು ನಾಚುತ್ತೇವಾ?

ಈಗ ಪ್ಯಾಚಿನ ವಿಷಯ. ಚರ್ಮದ ಬಣ್ಣದ ಚೌಕ ಪಟ್ಟಿ. ದಿನಕ್ಕೆ ಹತ್ತಕ್ಕಿಂತ ಜಾಸ್ತಿ ಸೇದುತ್ತಿದ್ದವರಿಗೆ 21 ಮಿಲಿಗ್ರಾಂನದು ಆರು ವಾರ, ಆಮೇಲೆ 14ರದು ಎರಡು ವಾರ, 7ರದು ಎರಡು ವಾರ. ನಾನು ಎದ್ದ ಕೂಡಲೇ, ಅಂದರೆ ಹನ್ನೊಂದಕ್ಕೆ ಹಾಕುತ್ತಿದ್ದೆ. ಕೂದಲಿಲ್ಲದ, ಒಣಗಿದ ಜಾಗ ಬೇಕು. ಅಂಗೈ ಒತ್ತಿ ಹತ್ತು ಸೆಕೆಂಡು ಹಿಡಿಯಬೇಕು. ದಿನವೂ ಜಾಗ ಬದಲಿಸಬೇಕು. ನಾನು ಎಡತೋಳು, ಬಲತೋಳು, ಎದೆ, ಬೆನ್ನಿನ ಮೇಲ್ಭಾಗ ಅಂತ ಸುತ್ತು ಹಾಕುತ್ತಿದ್ದೆ. ಬೆನ್ನಿಗೆ ಹೆಂಡತಿಯೇ ಅಂಟಿಸಬೇಕು. ಮೊದಲ ವಾರ ತೆಗೆದ ಜಾಗದಲ್ಲೆಲ್ಲ ಕೆಂಪು ಚೌಕ, ತುರಿಕೆ. ಎರಡು ದಿನಕ್ಕೆ ಮಾಯುತ್ತಿತ್ತು. ಮೆಷೀನಿನ ಶಾಖಕ್ಕೆ ಬೆವರಿ ಎರಡು ಸಲ ಅಂಚು ಕಿತ್ತು ಬಂತು. ಬೆವರುವ ಕೆಲಸದವರು ತೋಳಿಗಿಂತ ಬೆನ್ನಿಗೆ ಹಾಕಿಕೊಳ್ಳುವುದು ವಾಸಿ.

ಕನಸಿನ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನಗೆ ಯಾರೂ ಹೇಳಿರಲಿಲ್ಲ. ಪ್ಯಾಚ್ ಹಾಕಿಕೊಂಡು ಮಲಗಿದರೆ ಕನಸು ಕಣ್ಣಿಗೆ ಕಟ್ಟಿದ ಹಾಗೆ ಬೀಳುತ್ತದೆ. ತೀರಿಹೋದ ನನ್ನ ಅಪ್ಪ ಮೆಷೀನಿನ ಪಕ್ಕ ನಿಂತು ಹಾಳೆ ಎಣಿಸುತ್ತಿದ್ದದ್ದು ಈಗಲೂ ಹಾಗೇ ನೆನಪಿದೆ. ಡಾಕ್ಟರಿಗೆ ಹೇಳಿದೆ. ಮಲಗುವಾಗ ತೆಗೆದಿಡಿ, ಎದ್ದ ಮೇಲೆ ಹೊಸದು ಹಾಕಿ ಅಂದರು. ಕನಸು ನಿಂತಿತು. ಆದರೆ ಏಳುತ್ತಲೇ ಮೈಯಲ್ಲಿ ನಿಕೋಟಿನ್ ಖಾಲಿ ಇರುವುದರಿಂದ ಮೊದಲ ಅರ್ಧ ಗಂಟೆ ಒದ್ದಾಟ. ಅದಕ್ಕೆ ಹಾಸಿಗೆಯ ಪಕ್ಕದಲ್ಲೇ ಒಂದು ಗಮ್ ಇಟ್ಟುಕೊಂಡು ಕಣ್ಣು ಬಿಟ್ಟ ಕೂಡಲೇ ಕೆನ್ನೆಗೆ ಸಿಕ್ಕಿಸುತ್ತಿದ್ದೆ.

ಮೊದಲ ವಾರ ಕಷ್ಟ, ಅದರಲ್ಲಿ ಎರಡು ಮಾತಿಲ್ಲ. ಸಿಗರೇಟಿನ ನಿಕೋಟಿನ್ ಕ್ಷಣದಲ್ಲಿ ಏರುತ್ತದೆ. ಗಮ್ಮಿನದು ಏರಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಪ್ಯಾಚಿನದು ಗಂಟೆಗಟ್ಟಲೆ. ಸಿಗರೇಟು ಕೊಡುವ ಆ ಏರು ಇವೆರಡರಲ್ಲೂ ಇಲ್ಲ. ಅದನ್ನು ನಿರೀಕ್ಷಿಸಿದವರಿಗೆ ನಿರಾಸೆ ಖಂಡಿತ. ಇವು ಮಾಡುವುದು ಕೆಳಗೆ ಬೀಳದ ಹಾಗೆ ಹಿಡಿಯುವುದು, ಮೇಲೆ ಎತ್ತುವುದಲ್ಲ. ಹಾಗಾಗಿ ಚಡಪಡಿಕೆ ಬಂದ ಮೇಲೆ ಗಮ್ ಹಾಕಿದರೆ ತಡವಾಯಿತು ಅಂತಲೇ ಲೆಕ್ಕ. ಗಡಿಯಾರ ನೋಡಿ ಗಂಟೆಗೊಂದು ಹಾಕಬೇಕು. ಮೊದಲ ಆರು ವಾರ ನಾನು ದಿನಕ್ಕೆ ಹತ್ತು ಹನ್ನೆರಡು ಹಾಕುತ್ತಿದ್ದೆ.

ಮೂರನೇ ದಿನ ರಾತ್ರಿ ಎರಡೂವರೆ. ಪ್ಲೇಟು ಬದಲಾಯಿಸಲು ಮೆಷೀನು ನಿಲ್ಲಿಸಿದೆವು. ಸದ್ದು ನಿಂತ ಕೂಡಲೇ ಕಾಲು ತಾನಾಗಿ ಹಿಂಬಾಗಿಲಿಗೆ ನಡೆಯಿತು. ಗೋಡೆಗೆ ಒರಗಿದ ಮೇಲೇ ಗೊತ್ತಾದದ್ದು ಜೇಬಿನಲ್ಲಿ ಸಿಗರೇಟಿಲ್ಲ ಅಂತ. ಪಕ್ಕದಲ್ಲಿ ಇಬ್ಬರು ಸೇದುತ್ತಿದ್ದರು. ಒಬ್ಬ ಅಭ್ಯಾಸದಂತೆ ಪ್ಯಾಕ್ ಚಾಚಿದ. ಇಂಕು ಮೆತ್ತಿದ ಕೈಯಲ್ಲಿ ಗಮ್ಮಿನ ಹಾಳೆ ಬಿಚ್ಚಲು ಹೋದೆ. ಅದರ ಹಿಂದಿನ ಫಾಯಿಲ್ ಎಷ್ಟು ಗಟ್ಟಿ ಅಂದರೆ ಉಗುರಿಗೆ ಸಿಗುವುದೇ ಇಲ್ಲ. ಮೂರು ಸಲ ಜಾರಿತು. ಬೆರಳು ನಡುಗುತ್ತಿತ್ತು. ಕೊನೆಗೆ ಹಲ್ಲಿನಿಂದ ಕಚ್ಚಿ ಹರಿದೆ. ನಾಲಿಗೆಗೆ ಇಂಕಿನ ಕಹಿ, ಅದರ ಹಿಂದೆ ಗಮ್ಮಿನ ಖಾರ. ಕೆನ್ನೆಗೆ ಸಿಕ್ಕಿಸಿ ಒಳಗೆ ಬಂದೆ. ಪ್ಲೇಟು ಹಾಕಿ, ಬಣ್ಣ ಹೊಂದಿಸಿ, ಮೊದಲ ಹಾಳೆ ತೆಗೆದು ನೋಡುವಷ್ಟರಲ್ಲಿ ಚಡಪಡಿಕೆ ಇಳಿದಿತ್ತು. ಒಂದೊಂದು ಅಲೆಯೂ ಕೆಲವೇ ನಿಮಿಷ ಅಂತ ಡಾಕ್ಟರು ಹೇಳಿದ್ದು ಆವತ್ತು ನಿಜ ಅನಿಸಿತು. ಮಾರನೇ ದಿನದಿಂದ ಪಾಳಿಗೆ ಹೊರಡುವ ಮೊದಲೇ ಹೆಂಡತಿ ಆರು ಗಮ್ ಫಾಯಿಲಿನಿಂದ ಬಿಡಿಸಿ ಚಿಕ್ಕ ಡಬ್ಬಿಗೆ ಹಾಕಿಕೊಡುತ್ತಿದ್ದಳು. ಡಬ್ಬಿ ಇಟ್ಟುಕೊಳ್ಳುವವರು ಒಂದು ಎಚ್ಚರ ವಹಿಸಿ, ಮಕ್ಕಳ ಕೈಗೆ ಸಿಗಬಾರದು. ಬಳಸಿದ ಪ್ಯಾಚಿನಲ್ಲೂ ನಿಕೋಟಿನ್ ಉಳಿದಿರುತ್ತದೆ. ಅಂಟಿನ ಭಾಗ ಒಳಗೆ ಮಡಚಿ ಎಸೆಯಬೇಕು.

ಎರಡನೇ ವಾರ ಇನ್ನೊಂದು ತೊಂದರೆ. ಕೈ ನಡುಕ, ಎದೆ ಡವಡವ, ನಿದ್ದೆ ಇಲ್ಲ. ಪ್ಯಾಚ್ ಜಾಸ್ತಿಯಾಯಿತು ಅಂತ ಹೆದರಿ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಕಾಫಿ ಎಷ್ಟು ಕುಡಿಯುತ್ತೀರಿ ಅಂತ. ಪಾಳಿಯಲ್ಲಿ ಆರು ಲೋಟ. ಸಿಗರೇಟಿನ ಹೊಗೆಯಲ್ಲಿರುವ ಕೆಲವು ವಸ್ತುಗಳು ಯಕೃತ್ತು ಕೆಫೀನನ್ನು ಬೇಗ ಕರಗಿಸುವ ಹಾಗೆ ಮಾಡುತ್ತವೆ. ಸೇದುವುದು ನಿಂತರೆ ಅದು ನಿಧಾನವಾಗುತ್ತದೆ. ಅದೇ ಆರು ಲೋಟ ರಕ್ತದಲ್ಲಿ ಹೆಚ್ಚುಕಡಿಮೆ ಎರಡರಷ್ಟಾಗಿ ನಿಲ್ಲುತ್ತದೆ. ಇದು ಹೊಗೆಯಿಂದ ಆಗುವುದು, ನಿಕೋಟಿನ್ನಿನಿಂದ ಅಲ್ಲ. ಹಾಗಾಗಿ ಪ್ಯಾಚ್ ಹಾಕಿದ್ದರೂ ಕಾಫಿ ತಲೆಗೇರುತ್ತದೆ. ಮೂರು ಲೋಟಕ್ಕೆ ಇಳಿಸಿದೆ. ನಾಲ್ಕು ದಿನದಲ್ಲಿ ಕೈ ನೆಟ್ಟಗಾಯಿತು. ಬಿಟ್ಟ ಮೇಲೆ ಸಿಡುಕು, ನಿದ್ದೆಗೇಡು ಅಂತ ಎಷ್ಟೋ ಜನ ಮತ್ತೆ ಸಿಗರೇಟು ಹಚ್ಚುತ್ತಾರೆ. ಅವರಲ್ಲಿ ಎಷ್ಟು ಮಂದಿಗೆ ಕಾರಣ ಕಾಫಿಯೋ ಏನೋ ಅಂತ ನೆನೆದರೆ ಸಂಕಟವಾಗುತ್ತದೆ. ಗಮ್ಮಿನ ಡಬ್ಬಿಯ ಜೊತೆ ಬರುವ ಚೀಟಿಯಲ್ಲಿ ಈ ಮಾತು ದೊಡ್ಡ ಅಕ್ಷರದಲ್ಲಿ ಇರಬೇಕಿತ್ತು. ಆ ಚೀಟಿಯ ಅಕ್ಷರವೋ, ಅಚ್ಚಿನ ಕೆಲಸದವನಾದ ನನಗೇ ಕಣ್ಣಿಗೆ ಹತ್ತಲಿಲ್ಲ.

ಒಂಬತ್ತನೇ ವಾರ ಜಾರಿದೆ. ನಮ್ಮ ಹಿರಿಯ ಮೆಷೀನ್‌ಮ್ಯಾನ್ ನಿವೃತ್ತಿಯಾದ ರಾತ್ರಿ. ಇಪ್ಪತ್ತು ವರ್ಷ ಅವರ ಜೊತೆ ಆ ಗೋಡೆಗೆ ಒರಗಿದ್ದೆ. "ಕೊನೇದು, ನನ್ ಜೊತೆ" ಅಂದರು, ತೆಗೆದುಕೊಂಡೆ. ಮನೆಗೆ ಬಂದಾಗ ಮಗಳಿಗೆ ವಾಸನೆ ತಿಳಿಯಿತು. "ಅಪ್ಪ, ಒಂದಾ? ಪ್ಯಾಕಾ?" ಅಂದಳು. "ಒಂದೇ, ಮರಿ." "ಹಾಗಾದ್ರೆ ನಾಳೆ ಪ್ಯಾಚ್ ಹಾಕ್ಕೋತೀಯಲ್ಲ?" ಅಂತ ಕೇಳಿ ಶಾಲೆಗೆ ಹೊರಟಳು. ಡಾಕ್ಟರೂ ಅದನ್ನೇ ಹೇಳಿದರು. ಒಂದು ಸೇದಿದಿರಿ ಅಂತ ಪ್ಯಾಚ್ ಎಸೆಯಬೇಡಿ, ಮುಂದುವರಿಸಿ. 14ರಿಂದ 7ಕ್ಕೆ ಇಳಿಸುವುದನ್ನು ಮಾತ್ರ ಎರಡು ವಾರ ಮುಂದಕ್ಕೆ ಹಾಕಿದರು.

ಇದರಿಂದ ಎಲ್ಲರೂ ಬಿಟ್ಟುಬಿಡುತ್ತಾರೆ ಅಂತ ನಾನು ಹೇಳುವುದಿಲ್ಲ. ಯಾವ ನೆರವೂ ಇಲ್ಲದೆ ಒಮ್ಮೆ ಪ್ರಯತ್ನಿಸಿದವರಲ್ಲಿ ಆರು ತಿಂಗಳು, ವರ್ಷ ಕಳೆದ ಮೇಲೂ ಸೇದದೆ ಉಳಿಯುವವರು ನೂರಕ್ಕೆ ಮೂರರಿಂದ ಐದು ಮಂದಿ. ಗಮ್, ಪ್ಯಾಚ್ ಬಳಸಿದರೆ ಗೆಲ್ಲುವ ಸಾಧ್ಯತೆ ಒಂದೂವರೆಯಷ್ಟಾಗುತ್ತದೆ. ಜೊತೆಗೆ ಆಗಾಗ ಮಾತಾಡಿಸಿ ವಿಚಾರಿಸುವವರೂ ಇದ್ದರೆ ಇನ್ನೂ ಏರುತ್ತದೆ. ಆದರೂ ಒಂದು ಪ್ರಯತ್ನಕ್ಕೆ ಸೋಲುವವರೇ ಜಾಸ್ತಿ. ಇವೆರಡೇ ಅಲ್ಲ, ವ್ಯಾರೆನಿಕ್ಲಿನ್, ಬುಪ್ರೊಪಿಯಾನ್, ಸೈಟಿಸಿನ್ ಅನ್ನುವ ಮಾತ್ರೆಗಳೂ ಇವೆ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವೆಲ್ಲವನ್ನೂ ತನ್ನ ಮಾರ್ಗಸೂಚಿಯಲ್ಲಿ ಸೇರಿಸಿದೆ. ಗಮ್ ಒಗ್ಗದವರು ಡಾಕ್ಟರನ್ನು ಕೇಳಬೇಕು. ಇತ್ತೀಚೆಗೆ ಹೃದಯಾಘಾತ ಆದವರು, ಬಸುರಿಯರು ಕೇಳದೆ ಇವನ್ನು ಮುಟ್ಟಬಾರದು. ಹಲ್ಲಿಗೆ ಕ್ಯಾಪ್ ಇದ್ದವರಿಗೆ ಗಮ್ ಅಂಟಿಕೊಳ್ಳುತ್ತದೆ, ಚೀಪುವ ನಿಕೋಟಿನ್ ಮಾತ್ರೆ (ಲಾಜೆಂಜ್) ವಾಸಿ. ನನಗೆ ದವಡೆ ನೋವು ಎರಡು ತಿಂಗಳು ಇತ್ತು. ತೂಕ ನಾಲ್ಕು ಕೆಜಿ ಏರಿತು, ಅದು ಬಿಡುವವರಲ್ಲಿ ಸಾಮಾನ್ಯ.

ನಿಕೋಟಿನ್ ಬಿಡಲು ನಿಕೋಟಿನ್ನೇ ತೆಗೆದುಕೊಂಡರೆ ಏನು ಬಂತು ಅಂತ ನನ್ನ ಅಣ್ಣನೇ ಕೇಳಿದ್ದ. ಕಟ್ಟಿಹಾಕುವುದು ನಿಕೋಟಿನ್. ಆದರೆ ಶ್ವಾಸಕೋಶ, ಹೃದಯ ತಿನ್ನುವುದರಲ್ಲಿ ದೊಡ್ಡ ಪಾಲು ಉರಿದ ಹೊಗೆಯದು, ಅದರ ಟಾರು, ಕಾರ್ಬನ್ ಮೊನಾಕ್ಸೈಡಿನದು. ಬ್ರಿಟನ್ನಿನ ವೈದ್ಯರನ್ನೇ ಐವತ್ತು ವರ್ಷ ಹಿಂಬಾಲಿಸಿದ ಅಧ್ಯಯನ ಒಂದಿದೆ. ಸೇದುತ್ತಲೇ ಇದ್ದವರು ಸರಾಸರಿ ಹತ್ತು ವರ್ಷ ಮೊದಲೇ ಹೋದರು. ನಲವತ್ತಕ್ಕೆ ಬಿಟ್ಟವರು ಅದರಲ್ಲಿ ಒಂಬತ್ತು ವರ್ಷ ಉಳಿಸಿಕೊಂಡರು, ಐವತ್ತಕ್ಕೆ ಬಿಟ್ಟವರು ಆರು, ಅರವತ್ತಕ್ಕೆ ಬಿಟ್ಟವರೂ ಮೂರು. ನಾನು ನಲವತ್ತನಾಲ್ಕಕ್ಕೆ ಬಿಟ್ಟೆ. ಲೆಕ್ಕ ಹಾಕಿ ಹೆಂಡತಿಗೆ ತೋರಿಸಿದಾಗ ಅವಳು ಆ ಕಾಗದವನ್ನು ಮಡಚಿ ತನ್ನ ಪರ್ಸಿನಲ್ಲಿ ಇಟ್ಟುಕೊಂಡಳು.

ಅಂಕ ಕೊಡುವುದಾದರೆ ಪ್ಯಾಚಿಗೆ ಐದಕ್ಕೆ ನಾಲ್ಕೂವರೆ, ಕನಸು ಮತ್ತು ತುರಿಕೆಗೆ ಅರ್ಧ ಕಳೆದಿದ್ದೇನೆ. ಗಮ್ಮಿಗೆ ನಾಲ್ಕು. ಫಾಯಿಲಿಗೂ ಆ ಸಣ್ಣ ಅಕ್ಷರದ ಚೀಟಿಗೂ ಒಂದು ಹೋಯಿತು. ಬೇರೆ ಬೇರೆಯಾಗಿ ಅಲ್ಲದೆ ಸೇರಿಸಿ ಬಳಸಿದ್ದಕ್ಕೆ ಪೂರ್ತಿ ಐದು.

ಪ್ಯಾಚ್ ನಿಲ್ಲಿಸಿ ವರ್ಷದ ಹತ್ತಿರ ಬಂತು. ಗಮ್ ಐದು ತಿಂಗಳು ಹಾಕಿದೆ, ಕೊನೆಯಲ್ಲಿ 2 ಮಿಲಿಗ್ರಾಂನದು ದಿನಕ್ಕೊಂದು. ಹೋದ ವಾರ ಎರಡೂವರೆಯ ಬಿಡುವಿನಲ್ಲಿ, ಅವತ್ತು ಪ್ಯಾಕ್ ಚಾಚಿದ್ದನಲ್ಲ, ಅದೇ ಹುಡುಗ ನನ್ನ ಹತ್ತಿರ ಬಂದು "ಅಣ್ಣ, ಆ ಪ್ರಶ್ನೆಗಳು ನಂಗೂ ಕೇಳಿ" ಅಂದ. ರದ್ದಿ ಹಾಳೆಯ ಹಿಂಬದಿಯಲ್ಲಿ ಆರು ಪ್ರಶ್ನೆ ಬರೆದೆ. ಮೊದಲನೆಯದಕ್ಕೆ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು "ಹಾಸಿಗೆಯಲ್ಲೇ" ಅಂದ. ಒಟ್ಟು ಏಳು ಬಂತು. ಬರುವ ಶನಿವಾರ ಇಬ್ಬರೂ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ.